ಉಪ್ಪು, ಸಾಬೂನು ಮತ್ತು ಮುದುಡುವ ಜೆಲ್

ಹೋಟೆಲಿನ ಮೋರಿಯ ಬಳಿ ಪಾತ್ರೆ ಉಜ್ಜಿದವರು ಬಲ್ಲರು: ಸಿಹಿನೀರಿನಲ್ಲಿ ಸಮೃದ್ಧವಾಗಿ ನೊರೆಯೇಳುವ ಸಾಬೂನು ಬಾವಿಯ ಗಡಸು ನೀರಿನಲ್ಲಿ ಸೋಲುತ್ತದೆ. ಕರಗಿದ ಲವಣದ ಮಹಿಮೆಯದು. ಇದೇ ಲವಣವು ಪ್ರಯೋಗಶಾಲೆಯ ವಿಚಿತ್ರ ಪದಾರ್ಥವೊಂದರೊಡನೆ ಆಡುವ ಬೇರೊಂದು ಆಟವನ್ನು ಇಂದು ಓದುಗರ ಮುಂದಿಡಬಯಸುತ್ತೇವೆ.

ಆ ಪದಾರ್ಥದ ಹೆಸರು ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. (ಒಮ್ಮೆ ಓದಿ ಮರೆತರೂ ಬಾಧಕವಿಲ್ಲ.) ಇದರ ಜೆಲ್ ತಣ್ಣೀರಿನಲ್ಲಿ ನೆನೆದ ಸಬ್ಬಕ್ಕಿಯಂತೆ ಉಬ್ಬಿರುತ್ತದೆ. ಶಾಖವು ಸುಮಾರು 32 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ, ಕುಡಿದ ನೀರನ್ನು ಹೊರಚೆಲ್ಲಿ ಮುದುಡುತ್ತದೆ. ಬಿಸಿಗೆ ಉಬ್ಬುವ ಇಡ್ಲಿಯನ್ನು ಕಂಡ ನಮ್ಮವರಿಗೆ ಇದು ತಲೆಕೆಳಗಾದ ನ್ಯಾಯವೆನಿಸೀತು! ದೇಹದ ಶಾಖ 37 ಡಿಗ್ರಿಯಾದುದರಿಂದ, ಜೆಲ್‌ನಲ್ಲಿ ಔಷಧವನ್ನು ತುಂಬಿ ದೇಹದೊಳಗೆ ಹಿಂಡಿಸುವ ಹವಣಿಕೆ ವಿಜ್ಞಾನಿಗಳದು.

ಈ ನೀರಿಗೆ, ಟೂತ್‌ಪೇಸ್ಟುಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಕೊಳೆನಿವಾರಕವನ್ನು ಬೆರೆಸೋಣ. ಅದರ ಅಣುವಿಗೆ ನೀರನ್ನೊಲ್ಲದ ಬಾಲವೊಂದು, ಋಣವಿದ್ಯುತ್ತಿನ ತಲೆಯೊಂದು. ಬಾಲಗಳು ಜೆಲ್‌ನ ಎಳೆಗಳಿಗೆ ಅಂಟುತ್ತವೆ. ತಲೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಈ ತಳ್ಳಾಟದಿಂದ ಜೆಲ್ ಹಿಗ್ಗಿ, 32 ಡಿಗ್ರಿಯಲ್ಲಿ ಮುದುಡದೆ ಇನ್ನೂ ಹೆಚ್ಚಿನ ಶಾಖವನ್ನು ಬೇಡುತ್ತದೆ.

ಅಡಿಗೆಯ ಉಪ್ಪನ್ನು ಹಾಕಿದರೆ? ಧನವಿದ್ಯುತ್ತಿನ ಸೋಡಿಯಂ ಕಣಗಳು ತಲೆಗಳ ಸುತ್ತ ನೆರೆದು ಜಗಳವನ್ನು ತಣಿಸುತ್ತವೆ. ಆಗ ಅಣುಗಳು ಒತ್ತಾಗಿ ಕೂರಬಲ್ಲವು. ಸ್ವಲ್ಪವೇ ಕೊಳೆನಿವಾರಕವಿದ್ದರೂ ಅಂಟಲು ತೊಡಗುತ್ತದೆ. ಜೆಲ್ ಇಲ್ಲದ ನೀರಿನಲ್ಲಿಯೂ ಇದರ ಕುರುಹುಂಟು. ಈ ಅಣುಗಳು ಗುಂಪುಗೂಡಲು ಲೀಟರಿಗೆ ಸುಮಾರು 2.3 ಗ್ರಾಂ ಬೇಕು. ಲೀಟರಿಗೆ 6 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆಯೇ ಸಾಕು.

ಆದರೆ ಉಪ್ಪು ಎರಡು ಕಡೆಯೂ ವಕಾಲತ್ತು ವಹಿಸುವ ವಕೀಲನಂತೆ. ಅಂಟುವಿಕೆಗೆ ನೆರವಾಗುತ್ತಲೇ, ಅಂಟಿದ ಅಣುಗಳಿಂದ ಬಂದ ಹಿಗ್ಗನ್ನು ಅದು ಕುಗ್ಗಿಸುತ್ತದೆ. ಸಾಲದೆ, ನೀರಿನೊಡನೆ ಜೆಲ್‌ಗಿರುವ ನಂಟನ್ನು ಸಡಿಲಿಸಿ ಬೇಗ ಮುದುಡಿಸುತ್ತದೆ. ಎಲ್ಲ ಲವಣಗಳ ಬಲವೂ ಒಂದಲ್ಲ. ಸೋಡಿಯಂ ಸಲ್ಫೇಟ್ ಈ ಮುದುಡಿಸುವ ಕೆಲಸದಲ್ಲಿ ಅಡಿಗೆಯ ಉಪ್ಪಿಗಿಂತ ಪ್ರಬಲ. ಇಂಥ ತಾರತಮ್ಯವನ್ನು ಪ್ರಾಗ್ ನಗರದ ಹಾಫ್‌ಮೈಸ್ಟರ್ ಅವರು ಮೊಟ್ಟೆಯ ಬಿಳಿಭಾಗದ ಪ್ರೋಟೀನಿನ ಮೇಲೆ ಪ್ರಯೋಗಿಸಿ 1888ರಲ್ಲಿಯೇ ಪ್ರಕಟಿಸಿದ್ದರು.

ಆದುದರಿಂದ ಬಟ್ಟಿಯಿಳಿಸಿದ ನೀರಿನಲ್ಲಿ ದೊರೆತ ಲೆಕ್ಕವನ್ನೇ ನಂಬಿ ಔಷಧದ ಜೆಲ್ ಸಿದ್ಧಪಡಿಸುವುದು ನಮಗೆ ಸರಿತೋರದು. ನುಂಗಿದ ಔಷಧ ಇಳಿಯುವ ಕರುಳಿನಲ್ಲಿ ಉಪ್ಪೂ ಉಂಟು, ಸಾಬೂನಿನಂತೆ ವರ್ತಿಸುವ ಪಿತ್ತಲವಣಗಳೂ ಉಂಟು. ಅಲ್ಲಿ ಜೆಲ್ ಹೊತ್ತಿಗೆ ಮೊದಲೇ ಮುದುಡಿದರೆ ಔಷಧ ವ್ಯರ್ಥ. ಮುದುಡದೆಯೇ ಉಳಿದರೆ ರೋಗಿಗೆ ಸಲ್ಲಬೇಕಾದುದು ಜೆಲ್‌ನಲ್ಲಿಯೇ ಉಳಿದೀತು.