ಭುಜದ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳು

೨೦೧೭ರ ಫೆಬ್ರುವರಿಯಲ್ಲಿ ಪುಣೆಯ ಗಹುಂಜೆ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ವಿರುದ್ಧ ನಡೆದ ಟೆಸ್ಟ್ ಪಂದ್ಯವನ್ನು ಇಲ್ಲಿನ ಕನ್ನಡಿಗರು ಮರೆತಿರಲಾರರು. ನಮ್ಮ ಕೆ. ಎಲ್. ರಾಹುಲ್ ೬೪ ರನ್ನು ಗಳಿಸಿ, ಚೆಂಡನ್ನು ಎತ್ತಿ ಹೊಡೆಯುವ ಭರದಲ್ಲಿ ಎಡಭುಜವನ್ನು ನೋಯಿಸಿಕೊಂಡರು. ಆ ನೋವಿನಲ್ಲಿಯೇ ಸರಣಿಯನ್ನು ಮುಗಿಸಿ, ಬಳಿಕ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಮತ್ತೆ ಟೆಸ್ಟ್ ಆಡಿದ್ದು ಆಗಸ್ಟಿನಲ್ಲಿ, ಕೊಲಂಬೋದಲ್ಲಿ. ತಾರುಣ್ಯವೂ ತಜ್ಞರ ಆರೈಕೆಯೂ ಇದ್ದವರಿಗೇ ತಿಂಗಳುಗಳು ಬೇಕಾದವೆಂದಮೇಲೆ, ನಡುವಯಸ್ಸಿನ ನಾವು ಹದಿನೈದು ದಿನಗಳಲ್ಲಿ ಸ್ಕೂಟರ್ ಏರುವ ಹಂಬಲ ಪಡುವುದು ಉಚಿತವಲ್ಲ.

ಭುಜದ ಶಸ್ತ್ರಚಿಕಿತ್ಸೆಗಳು ಹಲವು ಬಗೆ. ನಡುವಯಸ್ಸು ದಾಟಿದವರಲ್ಲಿ ಹೆಚ್ಚಾಗಿ ಕಾಣುವುದು ಹರಿದ ಸ್ನಾಯುರಜ್ಜುವಿನ ಜೋಡಣೆ. ವೈದ್ಯರು ಅದನ್ನು ಎಲುಬಿಗೆ ಬಿಗಿದು ಹೊಲಿಯುತ್ತಾರೆ. ಬೆಸೆಯುವ ಕಾರ್ಯ ಮಾತ್ರ ಶರೀರದ್ದೇ. ಅದಕ್ಕೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆದರೆ ಚರ್ಮದ ಗಾಯವು ಎರಡು ವಾರಗಳಲ್ಲಿ ಮಾಯುತ್ತದೆ, ನೋವೂ ಕ್ರಮೇಣ ತಗ್ಗುತ್ತದೆ. ಗುಣವಾಯಿತೆಂದು ರೋಗಿಯು ಭ್ರಮಿಸುವುದು ಆಗಲೇ. ಹೊಲಿಗೆ ಕಿತ್ತುಬರುವ ಅಪಾಯವಿರುವುದೂ ಆಗಲೇ.

ಮರಗಟ್ಟಿಸಿದ ತೋಳಿಗೆ ಸಾಮಾನ್ಯವಾಗಿ ಒಂದು ದಿನದೊಳಗೆ ಸ್ಪರ್ಶಜ್ಞಾನ ಮರಳುತ್ತದೆ. ಅದರೊಡನೆ ನೋವೂ ಏರುತ್ತದೆ. ಆದುದರಿಂದ ವೈದ್ಯರು ವಿಧಿಸಿದ ಗುಳಿಗೆಯನ್ನು ನೋವು ಬಲಿಯುವ ಮೊದಲೇ ಸೇವಿಸುವುದು ಲೇಸು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು. ಅಂಗಾತ ಮಲಗಿದರೆ ಭುಜ ಹೆಚ್ಚು ನೋಯುತ್ತದೆ. ದಿಂಬುಗಳಿಗೆ ಒರಗಿ, ಮೊಣಕೈಯ ಕೆಳಗೊಂದು ಮೆತ್ತೆಯನ್ನಿಟ್ಟು ನಿದ್ರಿಸಬೇಕು.

ಸ್ಲಿಂಗ್ ಎಂಬ ಜೋಳಿಗೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ರಾತ್ರಿಯಲ್ಲಿಯೂ, ಧರಿಸಬೇಕಾಗುತ್ತದೆ. ಹಾಗೆಂದು ಇಡಿಯ ಕೈಯನ್ನು ಜಡವಾಗಿರಿಸಬಾರದು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ವೈದ್ಯರ ಅಪ್ಪಣೆಯಂತೆ ಆಡಿಸುತ್ತಿರಬೇಕು. ಮಧುಮೇಹಿಗಳಲ್ಲಿ ಭುಜ ಪೆಡಸಾಗುವ ಸಂಭವ ಹೆಚ್ಚು. ಅಂಗಿ ತೊಡುವಾಗ ನೋವಿನ ತೋಳು ಮೊದಲು, ಕಳಚುವಾಗ ಕೊನೆಗೆ. ನೀರಿನ ಕೊಡ, ಬಸ್ಸಿನ ಕಂಬಿ ಆ ಕೈಗೆ ನಿಷಿದ್ಧ.

ಬಲಗೈಯವರಿಗೆ ಬ್ಯಾಂಕಿನ ಚಿಂತೆಯೂ ಉಂಟು. ಸಹಿ ಮಾಡಲಾಗದ ರೋಗಿಯು ಹೆಬ್ಬೆಟ್ಟಿನ ಗುರುತಿನಿಂದ ಹಣ ಪಡೆಯಲು ಅವಕಾಶವಿದೆ. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.

ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಬಾವು ಕಂಡುಬಂದರೆ ವೈದ್ಯರನ್ನು ಕೂಡಲೇ ಕಾಣಬೇಕು. ಎದೆನೋವು, ಉಸಿರಾಟದ ತೊಂದರೆಯಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಧಾವಿಸಬೇಕು.

ಬಂಧುಬಳಗ ಧಾರವಾಡ, ವಿಜಯಪುರಗಳಲ್ಲಿರುವ ನಮಗೆ ಇಲ್ಲಿ ನೆರೆಹೊರೆಯವರೇ ಬಂಧುಗಳು. ಸಂಕೋಚದಿಂದ ತಾನೇ ಕೊಡವೆತ್ತುವುದಕ್ಕಿಂತ ಅವರ ನೆರವನ್ನು ಕೇಳುವುದು ಜಾಣತನ. ಮುದ್ದತು ತುಂಬುವ ಮುನ್ನ ಠೇವಣಿ ಮುರಿದರೆ ನಷ್ಟವಾಗುವುದು ಬಡ್ಡಿ ಮಾತ್ರ. ಇಲ್ಲಿ ಅವಸರಪಟ್ಟರೆ ಅಸಲಿಗೇ ಸಂಚಕಾರ.