ಡಾರ್ವಿನ್, ಕಕಾಡು, ಲಿಚ್‌ಫೀಲ್ಡ್: ಹೋಗುವ ಮುನ್ನ ತಿಳಿದಿರಲಿ

ಊರಿನಿಂದ ಅಪ್ಪ ಅಮ್ಮ ಬಂದರೆ ಸಿಡ್ನಿಯಲ್ಲಿರುವ ನಾವೆಲ್ಲ ತೋರಿಸುವುದು ಆಪೆರಾ ಹೌಸ್, ಬ್ಲೂ ಮೌಂಟನ್ಸ್, ಹೆಚ್ಚೆಂದರೆ ಗೋಲ್ಡ್ ಕೋಸ್ಟ್. ಕಳೆದ ಜುಲೈ ರಜೆಯಲ್ಲಿ ನಾವು ಧೈರ್ಯ ಮಾಡಿ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಡಾರ್ವಿನ್‌ಗೆ ಹೊರಟೆವು. ಆಗ "ಅಲ್ಲೇನಿದೆ?" ಎಂದಿದ್ದ ಸ್ನೇಹಿತರೇ ಈಗ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇವೆ.

ಡಾರ್ವಿನ್ ನಾರ್ದರ್ನ್ ಟೆರಿಟರಿಯ ರಾಜಧಾನಿ. ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಆ ಊರಿಗೆ ಸಿಡ್ನಿಗಿಂತ ಜಕಾರ್ತಾವೇ ಹತ್ತಿರ! ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಇದ್ದರೆ ಡಾರ್ವಿನ್ ದಕ್ಷಿಣಕ್ಕೆ ಹನ್ನೆರಡೂವರೆ. ಹವೆ ಮಾತ್ರ ಪೂರ್ತಿ ಮಂಗಳೂರಿನದು. ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತಲೇ ಅಮ್ಮ ಸ್ವೆಟರ್ ತೆಗೆದು, ಮಾವಿನ ಮರ ನೋಡಿ, "ನಮ್ಮೂರಿಗೇ ಬಂದ ಹಾಗಾಯ್ತು" ಎಂದರು.

ಊರು ಚಿಕ್ಕದು, ಒಂದು ದಿನ ಸಾಕು. 1942ರ ಫೆಬ್ರವರಿ 19ರಂದು ಜಪಾನಿ ವಿಮಾನಗಳು ಬಾಂಬು ಸುರಿಸಿದ್ದು ಇಲ್ಲೇ. 1974ರ ಕ್ರಿಸ್‌ಮಸ್ ಹೊತ್ತಿಗೆ ಟ್ರೇಸಿ ಚಂಡಮಾರುತ ಊರನ್ನೇ ನೆಲಸಮ ಮಾಡಿತು, 66 ಜನ ಸತ್ತರು. ಆದ್ದರಿಂದ ಹಳೆಯ ಕಟ್ಟಡಗಳನ್ನು ಹುಡುಕಬೇಡಿ. ಗುರುವಾರ ಅಥವಾ ಭಾನುವಾರ ಸಂಜೆ ಮಿಂಡಿಲ್ ಬೀಚಿನ ಸಂತೆಗೆ ಮಾತ್ರ ತಪ್ಪದೆ ಹೋಗಿ. ಅದು ಒಣ ಹವೆಯ ತಿಂಗಳುಗಳಲ್ಲಷ್ಟೇ ನಡೆಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಈ ತಿಂಗಳ ಲೆಕ್ಕದಲ್ಲೇ. ಹಿರಿಯರನ್ನು ಕರೆಸಿಕೊಳ್ಳುವುದು ಡಿಸೆಂಬರ್ ರಜೆಗೆ. ಡಾರ್ವಿನ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಆಗ ರಸ್ತೆಗಳು ಮುಳುಗುತ್ತವೆ, ಅರ್ಧ ಕಕಾಡು ಮುಚ್ಚಿರುತ್ತದೆ, ಸಮುದ್ರದಲ್ಲಿ ಪ್ರಾಣ ತೆಗೆಯುವ ಬಾಕ್ಸ್ ಜೆಲ್ಲಿ ಮೀನು. ಮೇಯಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಒಳ್ಳೆಯದು. ಕಕಾಡುವಿನ ಮೂಲನಿವಾಸಿಗಳಾದ ಬಿನಿಂಜ್ ಜನ ವರ್ಷಕ್ಕೆ ಆರು ಋತು ಎಣಿಸುತ್ತಾರೆ ಎಂದು ಓದಿ ಅಮ್ಮನಿಗೆ ಬಹಳ ಖುಷಿಯಾಯಿತು, ನಮ್ಮದೂ ಆರೇ ತಾನೆ!

ಇನ್ನು ಮೊಸಳೆಯ ವಿಷಯ. ಬೇಟೆಯಿಂದ ಅಳಿವಿನ ಅಂಚಿಗೆ ಬಂದಿದ್ದ ಉಪ್ಪುನೀರಿನ ಮೊಸಳೆಗೆ ಇಲ್ಲಿ 1971ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಟೆರಿಟರಿಯಲ್ಲಿ ಸುಮಾರು ಒಂದು ಲಕ್ಷ ಇವೆ. ಹೆಸರು ನಂಬಬೇಡಿ, ಸಿಹಿನೀರಿನಲ್ಲೂ ಇರುತ್ತವೆ. ಮಳೆಗಾಲದ ಪ್ರವಾಹದಲ್ಲಿ ಜಲಪಾತದ ಬುಡದ ಹೊಂಡಗಳವರೆಗೂ ಈಜಿಕೊಂಡು ಬರುತ್ತವೆ. ಮಳೆ ನಿಂತ ಮೇಲೆ ರೇಂಜರ್‌ಗಳು ಒಂದೊಂದೇ ಹೊಂಡ ತಪಾಸಣೆ ಮಾಡಿ, ಬೋನು ಇಟ್ಟು, ಆಮೇಲೆ ಈಜಲು ಬಿಡುತ್ತಾರೆ. ಜುಲೈಯಲ್ಲಿ ಮಕ್ಕಳು ಆಡುವ ನೀರೇ ಜನವರಿಯಲ್ಲಿ ಮೃತ್ಯುಕೂಪ. "ಹೋದ ವರ್ಷ ಈಜಿದ್ದೆವು" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ; ಅಂದಿನ ಫಲಕ ಏನು ಹೇಳುತ್ತದೋ ಅದೇ ಸರಿ.

ಇದು ನಮಗೆ ಅರ್ಥವಾದದ್ದು ಕಕಾಡುವಿನ ಕೇಹಿಲ್ಸ್ ಕ್ರಾಸಿಂಗ್‌ನಲ್ಲಿ, ಈಸ್ಟ್ ಅಲಿಗೇಟರ್ ನದಿಯ ದಡದಲ್ಲಿ. (ಮೊಸಳೆಯನ್ನು ಅಲಿಗೇಟರ್ ಎಂದು ತಪ್ಪು ತಿಳಿದು ಇಟ್ಟ ಹೆಸರು.) ನಾವು ಕಾರಿನಿಂದ ಡಬ್ಬಿ ಇಳಿಸುತ್ತಿದ್ದಾಗ ಅಮ್ಮ ಕಾಲು ತೊಳೆದು ತಲೆಗೆ ನೀರು ಚಿಮುಕಿಸಿಕೊಳ್ಳಲು ದಡಕ್ಕೆ ಇಳಿಯುತ್ತಿದ್ದರು. ಯಾರೋ ಮೀನು ಹಿಡಿಯುವವರು ಜೋರಾಗಿ ಕೂಗಿದರು. ಓಡಿ ಹೋಗಿ ಕೈ ಹಿಡಿದು ಎಳೆದುಕೊಂಡೆವು. ಅಮ್ಮನಿಗೆ ಕೋಪ: "ರಂಗನತಿಟ್ಟಿನ ಮೊಸಳೆ ನೋಡಿ ಬೆಳೆದವಳು ನಾನು. ನದಿಗೆ ಬಂದು ಕಾಲು ತೊಳೀದೆ ಹೋಗೋದಾ?" ನೀರಲ್ಲಿ ಮರದ ತುಂಡಿನಂತಿದ್ದದ್ದು ನಿಧಾನಕ್ಕೆ ತಿರುಗಿದಾಗ ಅವರೂ ಸುಮ್ಮನಾದರು. ರಂಗನತಿಟ್ಟಿನದು ಬೇರೆ ಜಾತಿ, ಇದು ಐದು ಮೀಟರ್‌ಗೂ ಮೀರಿ ಬೆಳೆಯುತ್ತದೆ. ಹಿರಿಯರಿಗೆ ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಬೇಕಿತ್ತು, ಅದು ನಮ್ಮದೇ ತಪ್ಪು.

ಸುಮಾರು 20,000 ಚದರ ಕಿಲೋಮೀಟರ್ ಇರುವ ಕಕಾಡುವಿಗೆ ಕನಿಷ್ಠ ಎರಡು ರಾತ್ರಿ ಬೇಕು. ಹತ್ತಿರದಲ್ಲೇ ಇರುವ ಉಬಿರ್ ಬಂಡೆಗಳ ಮೇಲಿನ ಚಿತ್ರಗಳಲ್ಲಿ ಮೀನಿನ ಒಳಗಿನ ಮೂಳೆಗಳೂ ಕಾಣುತ್ತವೆ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅಳಿದುಹೋದ ಥೈಲಸಿನ್ ಎಂಬ ಪ್ರಾಣಿಯ ಚಿತ್ರವೂ ಇದೆ. ಯೆಲ್ಲೋ ವಾಟರ್‌ನಲ್ಲಿ ಬೆಳಗಿನ ದೋಣಿ ವಿಹಾರ ನಮಗೆ ಎಲ್ಲಕ್ಕಿಂತ ಹಿಡಿಸಿತು. ತಾವರೆ ಎಲೆಯ ಮೇಲೆ ನಡೆಯುವ ಹಕ್ಕಿ, ದಡದಲ್ಲಿ ಮೊಸಳೆ, ಎಲ್ಲವೂ ದೋಣಿಯಿಂದಲೇ ಕಂಡವು.

ಹೆದ್ದಾರಿಯಲ್ಲಿ 130ರ ವೇಗಕ್ಕೆ ಅನುಮತಿ ಇರುವ ಕಡೆಗಳಿವೆ, ಆದರೆ ಸಂಜೆಯಾದರೆ ವಾಲಬಿ, ಕಾಡೆಮ್ಮೆ ಅಡ್ಡ ಬರುತ್ತವೆ. ಬಾಡಿಗೆ ಕಾರಿನ ಕರಾರನ್ನು ಓದಿ. ನಮ್ಮದರಲ್ಲಿ ಕತ್ತಲಾದ ಮೇಲೆ ಊರ ಹೊರಗೆ ಓಡಿಸಿದರೆ ವಿಮೆ ಇಲ್ಲವೆಂದಿತ್ತು. ಹೀಗಾಗಿ ಉಬಿರ್‌ನ ಪ್ರಸಿದ್ಧ ಸೂರ್ಯಾಸ್ತ ತಪ್ಪಿತು. ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ (ನಾವಿಬ್ಬರು ಸಾಫ್ಟ್‌ವೇರ್ ಇಂಜಿನಿಯರ್‌ಗಳು ಮರೆತಿದ್ದೆವು!). ಜಬಿರು ಊರಿನಲ್ಲಿ ಪೆಟ್ರೋಲ್, ದಿನಸಿ ಸಿಗುತ್ತದೆ, ಆದರೂ ಚಪಾತಿ, ಪುಳಿಯೋಗರೆ, ಬೇಕಾದಷ್ಟು ನೀರು ಜೊತೆಗಿರಲಿ. ಕಕಾಡುವಿಗೆ ಪ್ರವೇಶ ಪಾಸ್ ಬೇಕು. 2023ರಿಂದ ಲಿಚ್‌ಫೀಲ್ಡ್‌ಗೂ ಹೊರ ರಾಜ್ಯದವರು ಪಾಸ್ ಕೊಳ್ಳಬೇಕು.

ಡಾರ್ವಿನ್‌ನಿಂದ ಒಂದೂವರೆ ಗಂಟೆ ದೂರದ ಲಿಚ್‌ಫೀಲ್ಡ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಉತ್ತರ ದಕ್ಷಿಣಕ್ಕೆ ಸಾಲಾಗಿ ನಿಂತ ಗೆದ್ದಲ ಹುತ್ತಗಳನ್ನು ನೋಡಿ ಮುಂದೆ ಹೋದರೆ ಫ್ಲಾರೆನ್ಸ್ ಜಲಪಾತ. ಮೆಟ್ಟಿಲು ಬಹಳ, ಮಂಡಿ ನೋವಿದ್ದವರಿಗೆ ಬೇಡ. ಪಕ್ಕದ ಬ್ಯೂಲಿ ರಾಕ್‌ಹೋಲ್‌ನಲ್ಲಿ ಕಾರು ನಿಲ್ಲಿಸಿದ ಹತ್ತಿರವೇ ನೀರು. ಈಜಬಹುದು ಎಂಬ ಫಲಕವನ್ನು ಎರಡು ಸಲ ಓದಿ ಅಮ್ಮನ ಕೈ ಬಿಟ್ಟೆವು. ಸೀರೆ ಸ್ವಲ್ಪ ಎತ್ತಿಕೊಂಡು, ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟವರು ಊಟದ ಹೊತ್ತಾದರೂ ಮೇಲೇಳಲಿಲ್ಲ.