ಸ್ಪ್ಯಾನಿಷ್ ಭಾಷೆಯ ಎರವಲು ನಾಳೆ

ಮ್ಯಾಡ್ರಿಡ್‌ನಲ್ಲಿ ಕೈಗಡಿಯಾರ ಕಟ್ಟದವರನ್ನು ಗಂಟೆ ಎಷ್ಟೆಂದು ಕೇಳಿದರೆ ‘ಸೆರಾನ್ ಲಾಸ್ ತ್ರೇಸ್’ ಎಂಬ ಉತ್ತರ ಬರುವುದು ತೀರ ಸಹಜ. ಮೂರಾಗಿರಬೇಕು ಎಂಬುದು ಅದರ ತಾತ್ಪರ್ಯ. ವ್ಯಾಕರಣದ ಪುಸ್ತಕ ತೆರೆದರೆ ‘ಸೆರಾನ್’ ಎಂಬ ರೂಪ ಭವಿಷ್ಯತ್ ಕಾಲದ ಪಟ್ಟಿಯಲ್ಲಿದೆ. ಆದರೆ ಉತ್ತರ ಕೊಟ್ಟವರು ಮಾತಾಡಿದ್ದು ಈ ಹೊತ್ತಿನ ಬಗ್ಗೆ, ಮುಂದಿನ ಹೊತ್ತಿನ ಬಗ್ಗೆ ಅಲ್ಲ. ಅದೇ ವ್ಯಕ್ತಿ ನಾಳೆ ಯಾರಿಗೋ ಫೋನ್ ಮಾಡುವುದಿದ್ದರೆ, ಆ ಭವಿಷ್ಯತ್ ರೂಪವನ್ನು ಬಿಟ್ಟು ‘ಹೋಗು’ ಎಂಬ ಕ್ರಿಯಾಪದವನ್ನು ಮುಂದಿಟ್ಟುಕೊಂಡು ‘ಬೊಯ್ ಆ ಯಮಾರ್’ ಎನ್ನುವ ಸಂಭವವೇ ಹೆಚ್ಚು. ಇಲ್ಲವೇ ವರ್ತಮಾನ ಕಾಲದಲ್ಲೇ ‘ಮನ್ಯಾನಾ ಯಾಮೊ’, ನಾಳೆ ಫೋನ್ ಮಾಡ್ತೀನಿ, ಎಂದು ಮುಗಿಸುತ್ತಾರೆ. ಭವಿಷ್ಯತ್ ಎಂದು ಹೆಸರಿಟ್ಟ ರೂಪ ಇಂದಿನ ಊಹೆಗೆ, ನಾಳೆಯ ಕೆಲಸಕ್ಕೆ ಬೇರೆಯ ರೂಪ. 20 ದೇಶಗಳ ಅಧಿಕೃತ ಭಾಷೆಯೊಂದರಲ್ಲಿ ಹೀಗೇಕೆ? ಭಾಷೆ ಕೆಡುತ್ತಿದೆ ಎಂದು ಕೊರಗುವವರಿದ್ದಾರೆ. ನನಗೆ ಕಾಣುವುದು ಬೇರೆ. ಸ್ಪ್ಯಾನಿಷ್‌ನ ಈ ರೂಪ ಹುಟ್ಟಿದಾಗಲೂ ಬರಿಯ ಕಾಲಸೂಚಕವಾಗಿರಲಿಲ್ಲ. ಆಡುವವರ ನಿಲುವನ್ನು ಹೇಳುವುದೇ ಅದರ ಹುಟ್ಟುಗುಣ. ಇಂದು ಅದು ಊಹೆಗೆ ಒದಗುತ್ತಿರುವುದು ಆ ಗುಣದ ಮುಂದುವರಿಕೆ.

ಇದಕ್ಕೆ ಸಾಕ್ಷಿ ಆ ರೂಪದ ಮೈಮೇಲೆಯೇ ಇದೆ, ಮತ್ತು ಕನ್ನಡ ಲಿಪಿಯಲ್ಲಿ ಬರೆದರೆ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಾಡುವುದು ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಕಂತಾರ್’. ಅದರ ಭವಿಷ್ಯತ್ ರೂಪಗಳು: ಕಂತರೇ, ಕಂತರಾಸ್, ಕಂತರಾ, ಕಂತರೇಮೋಸ್, ಕಂತರೇಯ್ಸ್, ಕಂತರಾನ್. ಈಗ ‘ಅಬೇರ್’ ಎಂಬ ಇನ್ನೊಂದು ಕ್ರಿಯಾಪದದ ವರ್ತಮಾನ ರೂಪಗಳನ್ನು ನೋಡಿ: ಏ, ಆಸ್, ಆ, ಏಮೋಸ್, ಅಬೇಯ್ಸ್, ಆನ್. ಲೋಪಸಂಧಿ, ಆಗಮಸಂಧಿ ಎಂದು ಶಾಲೆಯಲ್ಲಿ ಪದ ಬಿಡಿಸಿ ಬೆಳೆದ ನಮಗೆ ಇದಕ್ಕೆ ವಿವರಣೆಯೇ ಬೇಡ. ಕಂತಾರ್ ಜೊತೆಗೆ ಏ ಸೇರಿ ಕಂತರೇ, ಆನ್ ಸೇರಿ ಕಂತರಾನ್. ಉಳಿದ ಹೆಚ್ಚಿನ ಕಾಲಗಳಲ್ಲಿ ಪ್ರತ್ಯಯ ಧಾತುವಿಗೆ ಹತ್ತಿದರೆ ಇಲ್ಲಿ ಇಡೀ ‘ಕಂತಾರ್’ಗೆ ಹತ್ತಿದೆ; ಮೂರೂ ಗುಂಪಿನ ಕ್ರಿಯಾಪದಗಳಿಗೂ ಪ್ರತ್ಯಯಗಳು ಒಂದೇ. ಕಾರಣ ಸರಳ: ಇವು ಮೂಲತಃ ಪ್ರತ್ಯಯಗಳೇ ಅಲ್ಲ, ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಪದ. ‘ಅಬೇರ್’ನ ಪೂರ್ವಜ ಲ್ಯಾಟಿನ್‌ನ ‘ಹಬೇರೆ’, ತನ್ನ ಬಳಿ ಇರುವುದು, ಹೊಂದಿರುವುದು ಎಂಬ ಅರ್ಥದ್ದು. ‘ಕಂತಾರೆ ಹಬೆಯೊ’ ಎಂದರೆ ಹಾಡುವುದು ನನಗಿದೆ, ನಾನು ಹಾಡಬೇಕಾಗಿದೆ. ಅಲ್ಲಿದ್ದದ್ದು ಕರ್ತವ್ಯದ ಭಾರ. ನಾಳೆ ಆ ಭಾರದ ಬೆನ್ನಿಗೆ ಬಂತು.

ಲ್ಯಾಟಿನ್‌ಗೆ ಸ್ವಂತ ಭವಿಷ್ಯತ್ ರೂಪ ಇರಲಿಲ್ಲವೇ ಎಂದರೆ, ಇತ್ತು. ಹಾಡುವೆನು ಎಂಬುದಕ್ಕೆ ‘ಕಂತಾಬೊ’. ಅದನ್ನು ಮುಳುಗಿಸಿದ್ದು ಉಚ್ಚಾರ. ‘ಅಮಾಬಿತ್’ ಎಂದರೆ ಪ್ರೀತಿಸುವನು, ‘ಅಮಾವಿತ್’ ಎಂದರೆ ಪ್ರೀತಿಸಿದನು. ಜನರ ನಾಲಿಗೆಯಲ್ಲಿ ಬಕಾರ ವಕಾರಗಳ ಗೆರೆ ಅಳಿಸಿದಾಗ ಇವೆರಡೂ ಒಂದಾದವು. ತಮಿಳಿನ ‘ವಾ’ ಕನ್ನಡದಲ್ಲಿ ‘ಬಾ’ ಆಗಿರುವುದನ್ನು ಬಲ್ಲವರಿಗೆ ಈ ಎರಡು ಧ್ವನಿಗಳ ನಂಟು ಹೊಸದಲ್ಲ. ಬೇರೆ ಗುಂಪಿನ ಕ್ರಿಯಾಪದಗಳದ್ದೂ ಇದೇ ಪಾಡು: ‘ದೀಕಿತ್’ ಹೇಳುತ್ತಾನೆ, ‘ದೀಕೆತ್’ ಹೇಳುವನು, ಇಕಾರ ಎಕಾರಗಳು ಬೆರೆತುಹೋದ ಮೇಲೆ ಇಂದು ಯಾವುದು, ನಾಳೆ ಯಾವುದು ಎಂದು ಕಿವಿಗೆ ತಿಳಿಯುವ ದಾರಿ ಉಳಿಯಲಿಲ್ಲ. ಆಗ ಜನ ಕೈಗೆ ಸಿಕ್ಕ ಬೇರೆ ಪದಗಳನ್ನು ಹಿಡಿದರು. ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್ ಭಾಷೆಗಳ ಪೂರ್ವಿಕರು ಹಿಡಿದದ್ದು ‘ಹಬೇರೆ’. ರೊಮೇನಿಯದವರು ಬಯಕೆಯ ಕ್ರಿಯಾಪದವನ್ನು ಹಿಡಿದರು, ಹಾಡಬಯಸುತ್ತೇನೆ ಎನ್ನುವುದೇ ಅವರಿಗೆ ಹಾಡುವೆನು ಎಂದಾಯಿತು.

ಹೊಸ ರೂಪ ಒಂದೇ ಪದವಾಗಿ ಬೆಸೆದುಕೊಂಡದ್ದಕ್ಕೆ ಮೊದಲ ಲಿಖಿತ ಕುರುಹು ಎಂದು ವಿದ್ವಾಂಸರು ತೋರಿಸುವುದು 7ನೇ ಶತಮಾನದ ಒಂದು ವೃತ್ತಾಂತವನ್ನು. ಫ್ರಾಂಕ್ ರಾಜ್ಯದಲ್ಲಿ ಲ್ಯಾಟಿನ್‌ನಲ್ಲಿ ಬರೆದ ಅದು ಫ್ರೆಡೆಗಾರ್ ಎಂಬ ಹೆಸರಿನಲ್ಲಿ ಪ್ರಸಿದ್ಧ. ಅಲ್ಲೊಂದು ಕಥೆ ಬರುತ್ತದೆ. ಚಕ್ರವರ್ತಿ ಜಸ್ಟಿನಿಯನ್ ಸೆರೆಸಿಕ್ಕ ಪರ್ಷಿಯಾದ ಅರಸನನ್ನು ನಾಡುಗಳನ್ನು ಹಿಂದಿರುಗಿಸು ಎಂದು ಒತ್ತಾಯಿಸುತ್ತಾನೆ. ಅರಸ ‘ಕೊಡೆನು’ ಎನ್ನುತ್ತಾನೆ. ಅವನ ಬಾಯಲ್ಲಿ ಇರುವುದು ಹಳೆಯ ಲ್ಯಾಟಿನ್ ರೂಪ ‘ದಾಬೊ’. ಜಸ್ಟಿನಿಯನ್ ಕೊಡುವ ಉತ್ತರ ಒಂದೇ ಪದ, ‘ದರಾಸ್’. ಅದು ‘ದಾರೆ ಹಬೇಸ್’ ಬೆಸೆದುಕೊಂಡ ಹೊಸ ರೂಪ, ಇಂದಿನ ಸ್ಪ್ಯಾನಿಷ್‌ನ ‘ದರಾಸ್’ ಕೂಡ ಅದೇ. ಆ ಮಾತು ಆಡಿದ ಜಾಗದಲ್ಲೇ ‘ದಾರಾ’ ಎಂಬ ಊರು ಎದ್ದಿತು ಎಂದು ಕಥೆ ಮುಗಿಯುತ್ತದೆ. ಚರಿತ್ರೆಯಾಗಿ ಇದು ನಿಲ್ಲುವುದಿಲ್ಲ. ಇಂದಿನ ತುರ್ಕಿಯ ಮಾರ್ದಿನ್ ಬಳಿ ಅವಶೇಷಗಳಾಗಿ ಉಳಿದಿರುವ ದಾರಾ ಕೋಟೆಯನ್ನು ಕಟ್ಟಿಸಿದ್ದು ಜಸ್ಟಿನಿಯನ್‌ಗಿಂತ ಮುಂಚಿನ ಚಕ್ರವರ್ತಿ ಅನಸ್ತಾಸಿಯಸ್. ಭಾಷೆಯ ದೃಷ್ಟಿಯಿಂದ ಮಾತ್ರ ಈ ಕಥೆಗೆ ಬೆಲೆ ಕಟ್ಟಲಾಗದು. ಹಳೆಯ ಭವಿಷ್ಯತ್ತೂ ಹೊಸ ಭವಿಷ್ಯತ್ತೂ ಒಂದೇ ಸಂಭಾಷಣೆಯಲ್ಲಿ ಎದುರುಬದುರಾಗಿವೆ. ಹೊಸದು ಬಂದಿರುವ ಸಂದರ್ಭವನ್ನೂ ಗಮನಿಸಬೇಕು. ಮುಂದೆ ಏನಾಗುತ್ತದೆ ಎಂದು ಜಸ್ಟಿನಿಯನ್ ಭವಿಷ್ಯ ನುಡಿಯುತ್ತಿಲ್ಲ, ನೀನು ಕೊಡಲೇಬೇಕು ಎಂದು ಒತ್ತಿ ಹೇಳುತ್ತಿದ್ದಾನೆ.

ಬೆಸುಗೆ ಗಟ್ಟಿಯಾಗಲು ಬಹುಕಾಲ ಹಿಡಿಯಿತು. ‘ಕಂತಾರ್ ದೆ ಮಿಯೊ ಸಿದ್’ ಮಹಾಕಾವ್ಯದ ಕಾಲದ ಸ್ಪ್ಯಾನಿಷ್‌ನಲ್ಲಿ ನಿನಗೆ ಕೊಡುವೆನು ಎನ್ನಲು ‘ದಾರ್ ತೆ ಏ’ ಎಂದು ನಡುವೆ ಸರ್ವನಾಮ ತೂರಿಸಬಹುದಿತ್ತು. ಪೋರ್ಚುಗೀಸ್ ಬರವಣಿಗೆಯಲ್ಲಿ ಇಂದಿಗೂ ಆ ಅವಕಾಶವಿದೆ. 1492ರಲ್ಲಿ ಸ್ಪ್ಯಾನಿಷ್‌ನ ಮೊದಲ ವ್ಯಾಕರಣ ಬರೆದ ಅಂತೋನಿಯೊ ದೆ ನೆಬ್ರಿಹಾ, ಈ ಕಾಲಕ್ಕೆ ಸ್ವಂತ ರೂಪವಿಲ್ಲ, ಅದನ್ನು ಬಳಸುದಾರಿಯಲ್ಲಿ, ‘ಅಬೇರ್’ನ ನೆರವಿನಿಂದ ಹೇಳುತ್ತೇವೆ ಎಂದು ಆಗಲೇ ಗುರುತಿಸಿದ್ದ.

ಈಗ ಹೊಸ ಬಳಸುದಾರಿಯ ಸರದಿ. ‘ಬೊಯ್ ಆ ಕಂತಾರ್’ ಎಂದರೆ ಮೊದಲು ಹಾಡಲೆಂದು ಹೊರಟಿದ್ದೇನೆ, ಕಾಲಿನ ನಡಿಗೆಯೇ. ನಡಿಗೆ ನಿಧಾನವಾಗಿ ಉದ್ದೇಶವಾಗಿ, ಉದ್ದೇಶ ಮುಂಬರುವ ಘಟನೆಯಾಗಿ ತಿರುಗಿತು. ಇಂದು ಕಾಲಿಲ್ಲದ ಮಳೆಗೂ ‘ಬಾ ಆ ಯೊಬೇರ್’ ಎನ್ನುತ್ತಾರೆ, ಮಳೆ ಬರುತ್ತದೆ ಎಂಬರ್ಥದಲ್ಲಿ. ಮೋಡ ಕವಿದದ್ದನ್ನು ಕಣ್ಣಾರೆ ಕಂಡಾಗ ಬಾಯಿಗೆ ಬರುವುದು ಈ ರೂಪ. ಹವಾಮಾನ ವರದಿಯಲ್ಲಿ ‘ಯೊಬೆರಾ’ ಎಂಬ ಹಳೆಯ ರೂಪ ಸಲೀಸಾಗಿ ಬರುತ್ತದೆ. ಎರಡರ ನಡುವಿನ ಅಂತರ ಹತ್ತಿರದ ನಾಳೆ, ದೂರದ ನಾಳೆ ಎಂಬುದಲ್ಲ, ಹಾಗೆಂದು ಎಷ್ಟೋ ಪಠ್ಯಪುಸ್ತಕಗಳು ಬರೆದಿದ್ದರೂ. ಮುಂದಿನ ಶತಮಾನದಲ್ಲಿ ಸಮುದ್ರ ಏರುತ್ತದೆ ಎನ್ನಲು ‘ಬಾ ಆ’ ಬಳಸಬಹುದು, ಎರಡು ನಿಮಿಷದಲ್ಲಿ ಬರುತ್ತೇನೆ ಎಂದು ಮಾತು ಕೊಡಲು ಹಳೆಯ ರೂಪವನ್ನೂ ಬಳಸಬಹುದು. ಸಂಗತಿಯ ಬೇರು ಈಗಾಗಲೇ ಇಂದಿನಲ್ಲಿ ಊರಿದೆಯೇ, ಅಥವಾ ಅದಕ್ಕೆ ಆಡುವವರ ಮಾತೊಂದೇ ಆಧಾರವೇ ಎಂಬುದು ಮುಖ್ಯ.

ಹಳೆಯ ರೂಪ ಊಹೆಗೆ ಹೇಗೆ ಒದಗುತ್ತದೆ ಎಂಬುದನ್ನು ಇಲ್ಲಿಂದ ನೋಡಿದರೆ ಎಲ್ಲವೂ ಕೂಡಿಕೊಳ್ಳುತ್ತದೆ. ‘ಎಸ್ತರಾ ಎನ್ ಕಾಸಾ’ ಎಂದರೆ ಅವನು ಮನೆಯಲ್ಲಿರುತ್ತಾನೆ, ಎಂದರೆ ಈಗ ಇರಬೇಕು. ‘ಅಬ್ರಾ ಯೆಗಾದೊ’ ಎಂದರೆ ಇಷ್ಟೊತ್ತಿಗೆ ತಲುಪಿರುತ್ತಾನೆ. ಕನ್ನಡದ ಓದುಗರು ಈ ಅರ್ಥಗಳನ್ನೊಮ್ಮೆ ಬಾಯಿಬಿಟ್ಟು ಓದಿಕೊಳ್ಳಬೇಕು. ನಾಳೆ ಅವನು ಊರಲ್ಲಿ ಇರ್ತಾನೆ ಎನ್ನುವ ರೂಪದಿಂದಲೇ ನಾವು ಈಗ ಅವನು ಆಫೀಸಿನಲ್ಲಿ ಇರ್ತಾನೆ ನೋಡು ಎಂದು ಊಹಿಸುತ್ತೇವೆ. ‘ಬರ್ತಾನೆ’ ಎಂದರೆ ಮುಂದಿನ ಮಾತು, ‘ಬಂದಿರ್ತಾನೆ’ ಎಂದರೆ ಊಹೆ. ಸ್ಪ್ಯಾನಿಷ್‌ನಲ್ಲೂ ಹೆಚ್ಚುಕಡಿಮೆ ಇದೇ ನಿಯಮ. ಇರುವುದು, ಆಗಿರುವುದು, ಹೊಂದಿರುವುದು ಮುಂತಾದ ಸ್ಥಿತಿಯ ಕ್ರಿಯಾಪದಗಳಲ್ಲಿ ಭವಿಷ್ಯತ್ ರೂಪ ಇಂದಿನ ಊಹೆಯಾಗುತ್ತದೆ, ಬರುವುದು, ಹೊರಡುವುದು ಮುಂತಾದ ಘಟನೆಯ ಕ್ರಿಯಾಪದಗಳಲ್ಲಿ ಮುಂದಿನ ಸುದ್ದಿಯಾಗುತ್ತದೆ. ಆದ್ದರಿಂದ ಕೇಳುಗರಿಗೆ ಗೊಂದಲವಾಗುವುದು ಅಪರೂಪ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಊಹೆ ಎಂಬುದು ಉಪಯೋಗಗಳಲ್ಲಿ ಒಂದು ಮಾತ್ರ, ಮೂಲ ಅರ್ಥ ಭವಿಷ್ಯವೇ ಎಂದು ಹಲವರು ವಾದಿಸುತ್ತಾರೆ. ವೆನೆಜುವೇಲದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಮಹಾ ವೈಯಾಕರಣ ಆಂದ್ರೆಸ್ ಬೆಯೊ 1847ರ ತನ್ನ ವ್ಯಾಕರಣದಲ್ಲಿ ಈ ಬಳಕೆಯನ್ನು ರೂಪಕ ಎಂದೇ ಕರೆದ. ಮೂರಾಗುವುದು ಎಂದರೆ ಮುಂದೆ ಗಡಿಯಾರ ನೋಡಿದಾಗ ಮೂರೆಂದು ತಿಳಿಯುವುದು, ಹಾಗಾಗಿ ಇಲ್ಲಿಯೂ ಭವಿಷ್ಯ ಅಡಗಿದೆ ಎಂಬ ವಿವರಣೆಯೂ ಉಂಟು. ಬೆಯೊನ ಮೇಲೆ ನನಗೆ ಅಪಾರ ಗೌರವವಿದೆ, ಸ್ಪ್ಯಾನಿಷ್ ಕಾಲಗಳ ಬಗ್ಗೆ ಅವನಷ್ಟು ಆಳವಾಗಿ ಯೋಚಿಸಿದವರು ವಿರಳ. ಆದರೂ ಈ ವಿವರಣೆ ಎರಡು ಕಡೆ ಕುಸಿಯುತ್ತದೆ. ಬಾಗಿಲು ತಟ್ಟಿದ ಸದ್ದಿಗೆ ‘ಕ್ಯೇನ್ ಸೆರಾ’, ಯಾರಿರಬಹುದು, ಎಂದು ತಮ್ಮೊಳಗೇ ಕೇಳಿಕೊಳ್ಳುವವರು ಮುಂದಿನ ಪರಿಶೀಲನೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಇನ್ನೊಂದು ಕಡೆ, ಯಾರನ್ನೋ ಕುರಿತು ‘ಸೆರಾ ರಿಕೊ, ಪೆರೊ...’ ಎನ್ನುವುದಿದೆ: ಶ್ರೀಮಂತನಿರಬಹುದು, ಆದರೆ... ಅವನ ಸಿರಿವಂತಿಕೆ ಇಬ್ಬರಿಗೂ ಗೊತ್ತು. ಅದನ್ನು ಒಪ್ಪಿಕೊಂಡು ಪಕ್ಕಕ್ಕಿಡುವುದಷ್ಟೇ ಇಲ್ಲಿ ಆ ರೂಪದ ಕೆಲಸ. ತಿಳಿಯಲು ಏನೂ ಬಾಕಿ ಇಲ್ಲದ ಕಡೆ ಭವಿಷ್ಯವನ್ನು ಹುಡುಕುವುದು ವ್ಯರ್ಥ. ಆಡುವವರು ಮಾತಿಗೆ ಎಷ್ಟು ಹೊಣೆ ಹೊರುತ್ತಾರೆ ಎಂಬುದನ್ನೇ ಆ ರೂಪ ಹೇಳುತ್ತದೆ ಎಂದುಕೊಂಡರೆ ಊಹೆ, ಒಪ್ಪಿಗೆ, ಮಾತು ಕೊಡುವುದು, ಆಜ್ಞೆ ಎಲ್ಲವೂ ಒಂದೇ ಸೂರಿನಡಿ ಬರುತ್ತವೆ. ಬೈಬಲ್ಲಿನ ದಶಾಜ್ಞೆಗಳು ಸ್ಪ್ಯಾನಿಷ್‌ನಲ್ಲಿ ಇದೇ ರೂಪದಲ್ಲಿವೆ. ಕೊಲ್ಲಬೇಡ ಎನ್ನುವಲ್ಲಿರುವ ಕ್ರಿಯಾಪದ ‘ಮತರಾಸ್’.

ಪತ್ರಿಕೆ ತೆರೆದರೆ ಹಳೆಯ ರೂಪವೇ ತುಂಬಿದೆಯಲ್ಲ, ಮಂತ್ರಿಗಳು ಪ್ರಯಾಣಿಸುವರು, ಬೆಲೆ ಏರುವುದು ಎಂದೆಲ್ಲ, ಎಂದು ಕೇಳಬಹುದು. ನಿಜ. ಸ್ಪೇನಿನ ಕೆಲವು ಪ್ರದೇಶಗಳ ಮಾತಿನಲ್ಲೂ ಅದು ಲ್ಯಾಟಿನ್ ಅಮೆರಿಕಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ. ಅದು ಭವಿಷ್ಯವನ್ನು ಸೂಚಿಸುವುದೇ ಇಲ್ಲ ಎಂಬುದು ನನ್ನ ವಾದವಲ್ಲ. ವರದಿಗಾರರಿಗೂ ಶಾಸನಕ್ಕೂ ಬೇಕಾಗಿರುವುದು ಹೊಣೆ ಹೊತ್ತ, ಗಂಭೀರವಾದ ಘೋಷಣೆ, ಅದಕ್ಕೆ ಈ ರೂಪ ಹೇಳಿ ಮಾಡಿಸಿದಂತಿದೆ. ಕಾನೂನಿನ ಭಾಷೆ ಇನ್ನೂ ಹಳೆಯದನ್ನು ಕಾಪಾಡುತ್ತದೆ. ಆಡುಮಾತಿನಿಂದ ಮರೆಯಾದ ಸಂಭಾವನಾರ್ಥದ ಭವಿಷ್ಯತ್ ರೂಪವೊಂದು, ಕೊಂದಲ್ಲಿ ಎಂಬ ಅರ್ಥದ ‘ಮತಾರೆ’ಯಂಥದ್ದು, ಸ್ಪೇನಿನ 1995ರ ದಂಡಸಂಹಿತೆಯಲ್ಲೂ ಉಳಿದಿದೆ. ಮೆಕ್ಸಿಕೊದಲ್ಲಿ ಇನ್ನೊಂದು ಬಗೆ: ಊಹೆಗೆ ‘ಆ ದೆ ಸೆರ್’ ಎನ್ನುವುದು ಅಲ್ಲಿ ತುಂಬ ರೂಢಿ. ಅಲ್ಲಿರುವುದೂ ‘ಅಬೇರ್’ ಕ್ರಿಯಾಪದವೇ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕರ್ತವ್ಯದಿಂದ ಹೊರಟ ಪದ ಬೆಸೆದುಕೊಂಡ ರೂಪದಲ್ಲೂ ಬಿಡಿಯಾದ ರೂಪದಲ್ಲೂ ಊಹೆಗೇ ಬಂದು ಸೇರಿದೆ. ಇದನ್ನು ಆಕಸ್ಮಿಕ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಹಾಗಿದ್ದರೆ ಲ್ಯಾಟಿನ್‌ನ ‘ಕಂತಾಬೊ’ವಾದರೂ ಶುದ್ಧ ಭವಿಷ್ಯವಾಗಿತ್ತೇ? ಅದರ ‘ಬೊ’ ಹಿಂದೆ ಇರುವುದು ಆಗು ಎಂಬರ್ಥದ ಧಾತು, ಸಂಸ್ಕೃತದ ‘ಭೂ’ವಿನ ಬಂಧು. ಲ್ಯಾಟಿನ್‌ನ ಇನ್ನೊಂದು ಬಗೆಯ ಭವಿಷ್ಯತ್ ರೂಪಗಳು ಬಂದದ್ದು ಬಯಕೆ, ಸಾಧ್ಯತೆಗಳನ್ನು ಹೇಳುವ ರೂಪಗಳಿಂದ. ಹಿಂದಕ್ಕೆ ಎಷ್ಟು ದೂರ ನಡೆದರೂ ನಾಳೆ ಎಂಬುದು ಎರವಲು ತಂದದ್ದೇ. ನಿನ್ನೆಯನ್ನು ಕಂಡವರಿದ್ದಾರೆ, ನಾಳೆಯನ್ನು ಕಂಡವರಿಲ್ಲ. ಅದನ್ನು ಹೇಳಲು ಭಾಷೆಗೆ ಇರುವ ಸರಕು ಬೇಕು, ಬಯಸು, ಹೊರಡು, ಇರಬಹುದು ಎಂಬ ಇಂದಿನ ಮನಸ್ಥಿತಿಗಳೇ. ಆದ್ದರಿಂದ ‘ಬೊಯ್ ಆ’ ಬಳಸುವ ಮಕ್ಕಳನ್ನು ತಿದ್ದುವುದರಲ್ಲಿ ಅರ್ಥವಿಲ್ಲ.

ಈ ವಿಷಯ ವ್ಯಾಕರಣದ ಕೊಠಡಿ ದಾಟಿ ಅರ್ಥಶಾಸ್ತ್ರಕ್ಕೂ ಹೋಗಿದೆ. ಕೀತ್ ಚೆನ್ ಎಂಬ ಅರ್ಥಶಾಸ್ತ್ರಜ್ಞ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಭವಿಷ್ಯವನ್ನು ವ್ಯಾಕರಣದಲ್ಲಿ ಕಡ್ಡಾಯವಾಗಿ ಬೇರ್ಪಡಿಸುವ ಭಾಷೆಗಳವರು ಉಳಿತಾಯ ಕಡಿಮೆ ಮಾಡುತ್ತಾರೆ, ಅವರಿಗೆ ನಾಳೆ ದೂರವೆನಿಸುತ್ತದೆ ಎಂದು ಅಂಕಿ ಅಂಶಗಳೊಂದಿಗೆ ವಾದಿಸಿದರು. ಸ್ಪ್ಯಾನಿಷ್ ಆ ಭಾಷೆಗಳ ಸಾಲಿನಲ್ಲಿದೆ. ಜಗತ್ತಿನಾದ್ಯಂತ ಸುದ್ದಿಯಾದ ಈ ವಾದವನ್ನು 2015ರಲ್ಲಿ ಚೆನ್ ಅವರೇ ಶಾನ್ ರಾಬರ್ಟ್ಸ್ ಮತ್ತು ಜೇಮ್ಸ್ ವಿಂಟರ್ಸ್ ಎಂಬ ಭಾಷಾವಿಜ್ಞಾನಿಗಳೊಂದಿಗೆ ಮರುಪರಿಶೀಲಿಸಿದರು. ಒಂದೇ ಕುಟುಂಬದ ಭಾಷೆಗಳು ವ್ಯಾಕರಣವನ್ನೂ ಸಂಸ್ಕೃತಿಯನ್ನೂ ಒಟ್ಟಿಗೆ ಪಡೆದಿರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ಬಹಳ ದುರ್ಬಲವಾಯಿತು. ಸ್ಪ್ಯಾನಿಷ್‌ನ ಮಟ್ಟಿಗಂತೂ ಆ ವಾದದ ತಳಹದಿಯೇ ಅಲುಗಾಡುತ್ತದೆ. ಇಂದಿನ ಗಂಟೆಯನ್ನು ಊಹಿಸಲು ಒದಗುವ ರೂಪ ಆಡುವವರ ಮನಸ್ಸಿನಲ್ಲಿ ನಾಳೆಯನ್ನು ದೂರ ತಳ್ಳುತ್ತದೆ ಎನ್ನುವುದು ಹೇಗೆ?

ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಈಗ ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಇದ್ದಾರೆ. ಅವರಲ್ಲೂ ಅವರ ಶಿಕ್ಷಕರಲ್ಲೂ ನನ್ನದೊಂದು ಕೋರಿಕೆ. ನಾಳೆಯ ಕೆಲಸಗಳಿಗೆ ಮೊದಲು ‘ಬೊಯ್ ಆ’ ಕಲಿಯಿರಿ, ಕಲಿಸಿರಿ. ‘ಸೆರಾ’, ‘ಎಸ್ತರಾ’ ಎಂಬ ರೂಪಗಳು ಬಂದಾಗ ಅವಕ್ಕೆ ‘ಇರುವನು’ ಎಂಬ ಶಾಲಾಪುಸ್ತಕದ ಕನ್ನಡವನ್ನು ಜೋಡಿಸಬೇಡಿ. ‘ಇರ್ತಾನೆ, ಇಷ್ಟೊತ್ತಿಗೆ ಬಂದಿರ್ತಾನೆ’ ಎಂಬ ಮನೆಮಾತನ್ನು ಜೋಡಿಸಿ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಎಷ್ಟೋ ತಿಂಗಳು ತೊಡಕಾಗುವ ಈ ಪಾಠ ನಿಮಗೆ ಬೇಗನೆ ದಕ್ಕುತ್ತದೆ.